ಗೋಕಟ್ಟೆಗೆ ಎತ್ತಿದ ಕೈಗಳು

ಫೆಬ್ರವರಿ ೧೧, ಮಂಗಳವಾರ

ಬೈಯುವುದಕ್ಕೆ ಎದುರಿಗೆ ಯಾರೂ ಉಳಿಯದಿದ್ದಾಗ ಬರೆಯಬಹುದು ಎಂದು ಇವತ್ತು ತಿಳಿಯಿತು. ಬೆಳಿಗ್ಗೆಯಿಂದ ಅವ್ವನನ್ನು ಬೈದೆ, ಆಟೋದ ಕ್ಲಚ್ಚನ್ನು ಬೈದೆ, ತಳಕಿನ ಬಸ್‌ಸ್ಟ್ಯಾಂಡಿನಲ್ಲಿ ಈರುಳ್ಳಿ ಚೀಲ ಇಳಿಸಿಕೊಳ್ಳಲು ತಡ ಮಾಡಿದವನನ್ನು ಬೈದೆ. ಅವರಾರೂ ತಪ್ಪು ಮಾಡಿರಲಿಲ್ಲ. ಬೈಯಬೇಕಾಗಿದ್ದುದು ಮುರುಗೇಶನನ್ನು. ಅವನನ್ನು ಪಂಚಾಯ್ತಿ ಸಭೆಯಲ್ಲೇ ಬೈದಿದ್ದೆ. ಸಾಲಲಿಲ್ಲ.

ಗೋಕಟ್ಟೆಯ ಏರಿಯಿಂದ ಅವನ ಎರಡು ಟ್ರ್ಯಾಕ್ಟರು ದಿನಾ ಚೌಳು ಮಣ್ಣು ಹೊರುತ್ತಿವೆ. ಮಾಳಿಗೆ ಮನೆಗಳವರೆಲ್ಲ ಮಳೆ ಬರುವ ಮುಂಚೆ ಸೋರದಂತೆ ಮೇಲೆ ಹಾಸಿಕೊಳ್ಳುವುದು ಅದೇ ಮಣ್ಣನ್ನು. ಹೀಗೇ ಕಡಿದರೆ ಏರಿ ಒಡೆಯುತ್ತದೆ. ಊರಿನ ದನ, ಕುರಿ, ಮೇಕೆ, ನಮ್ಮ ಹಟ್ಟಿಯವರು ಪೂಜಿಸುವ ದೇವರ ಎತ್ತುಗಳು ಎಲ್ಲಕ್ಕೂ ಇರುವುದು ಆ ಒಂದೇ ನೀರು. ಇದನ್ನು ನಿಲ್ಲಿಸಬೇಕು ಎಂದು ನಾನು ಹೇಳಿದೆ. ಸಭೆಯಲ್ಲಿ ಹನ್ನೊಂದು ಜನ ಇದ್ದೇವೆ. ನನ್ನದೂ ಸೇರಿ ಎದ್ದದ್ದು ಮೂರು ಕೈ. ಉಳಿದವರ ಮನೆಯ ಮೇಲೆ ಮುರುಗೇಶನ ಮಣ್ಣಿದೆ, ಇಲ್ಲವೇ ಬೀಳಬೇಕಾಗಿದೆ.

ಮುರುಗೇಶ ಸದಸ್ಯನೂ ಹೌದು. ತನ್ನ ವಿಷಯಕ್ಕೆ ತಾನೇ ಕೈ ಕೆಳಗಿಟ್ಟುಕೊಂಡು ನಕ್ಕ. ಮೊದಲು ಓದೋದು ಮುಗಿಸಿ ಬಾ, ಆಮೇಲೆ ಊರು ಆಳುವೆಯಂತೆ ಎಂದ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ ಎಂಬುದನ್ನು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಉಪಚುನಾವಣೆಯಲ್ಲಿ ಎರಡು ಗುಂಪಿನವರೂ ಕಿತ್ತಾಡಿ ಸುಸ್ತಾಗಿ, ಯಾರ ಕಡೆಗೂ ಸೇರದ ಆಟೋ ಶಾಂತಿಯೇ ಇರಲಿ ಎಂದು ನನ್ನನ್ನು ಅವಿರೋಧವಾಗಿ ಕೂರಿಸಿದರು. ಬಾಯಿ ಮುಚ್ಚಿಕೊಂಡಿರುತ್ತಾಳೆ ಎಂದುಕೊಂಡಿದ್ದರೇನೋ.

ಸಭೆಯಾದ ಮೇಲೆ ಅಧ್ಯಕ್ಷ ಶಿವಮೂರ್ತಪ್ಪನವರು ಚಹಾ ಕುಡಿಸಿದರು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಶೇಂಗಾ ಹಾಕುವ ವ್ಯಾಪಾರಿ ಅವರು, ತೂಕ ಗೊತ್ತು. ಮುರುಗೇಶನ ಹೆಸರು ಹೇಳಿದರೆ ಯಾರೂ ಕೈ ಎತ್ತುವುದಿಲ್ಲ, ದೇವರ ಎತ್ತಿನ ಹೆಸರು ಹೇಳು, ಯಾರೂ ಕೈ ಇಳಿಸುವುದಿಲ್ಲ ಎಂದರು. ಅವರಿಗೂ ಮುರುಗೇಶನಿಗೂ ಆಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಮಾತು ಸರಿಯಾಗಿಯೇ ಇದೆ.

ಫೆಬ್ರವರಿ ೨೫, ಮಂಗಳವಾರ

ಹನ್ನೊಂದಕ್ಕೆ ಹನ್ನೊಂದು!

ನಾನು ಹೇಳಿದ್ದು ಇಷ್ಟೇ: ಗೋಕಟ್ಟೆಯೂ ಅದರ ಸುತ್ತಲಿನ ಜಾಗವೂ ಇನ್ನು ಮೇಲೆ ದೇವರ ಎತ್ತುಗಳಿಗೆ ಮಾತ್ರ. ಸುತ್ತ ಬೇಲಿ ಹಾಕಬೇಕು. ಬೇರೆ ಯಾರೂ, ಯಾವ ಗಾಡಿಯೂ, ಯಾವ ಪ್ರಾಣಿಯೂ ಒಳಗೆ ಬರಬಾರದು. ಮುರುಗೇಶನ ಮುಖ ಬೇವು ಅಗಿದಂತಾಯಿತು. ಅವನೂ ನಮ್ಮ ಜನವೇ. ದೇವರ ಎತ್ತಿಗೆ ಇಲ್ಲ ಎಂದು ಕೈ ಕೆಳಗಿಟ್ಟರೆ ಅವನವ್ವನೇ ಅನ್ನ ಹಾಕುವುದಿಲ್ಲ. ನಿಧಾನವಾಗಿ ಎತ್ತಿದ.

ಪಿಡಿಒ ದೀಪಿಕಾ ಮೇಡಂ ಪೆನ್ನು ಕೆಳಗಿಟ್ಟರು. ಗೋಕಟ್ಟೆ ಸಾರ್ವಜನಿಕರದ್ದು, ಒಬ್ಬರ ಪ್ರಾಣಿ ಬಿಟ್ಟು ಇನ್ನೊಬ್ಬರದನ್ನು ತಡೆಯುವ ಅಧಿಕಾರ ಈ ಸಭೆಗಿಲ್ಲ, ಎಲ್ಲರೂ ಒಪ್ಪಿದರೂ ಇಲ್ಲ ಎಂದರು. ನನಗೆ ತಲೆ ಕೆಟ್ಟಿತು. ಮೂರು ಕೈ ಎದ್ದಾಗ ‘ಬಹುಮತ ಇಲ್ಲಮ್ಮ’ ಎಂದವರು ಇವರೇ. ಹನ್ನೊಂದು ಎದ್ದಾಗಲೂ ಆಗಲ್ಲವಂತೆ.

“ಮೇಡಂ, ನಮ್ಮನ್ನ ಊರು ಆರಿಸೈತೆ. ನಿಮ್ಮನ್ನ ಪರೀಕ್ಷೆ ಆರಿಸೈತೆ,” ಅಂದೆ. “ಸಭೆ ಮೇಲೆ ಇನ್ನೊಂದು ಸಭೆ ಐತೇನ್ರಿ ಈ ಊರಾಗೆ?”

ಎಲ್ಲರೂ ಮೇಜು ಬಡಿದರು. ಮುರುಗೇಶ ಕೂಡ ಬಡಿದ. ಮೇಡಂ ತಮ್ಮ ಆಕ್ಷೇಪಣೆಯನ್ನು ಒಂದು ಸಾಲು ಬರೆದು, ಕೆಳಗೆ ನಿರ್ಣಯ ಬರೆದುಕೊಂಡರು. ಬರೆಯಲಿ. ಮನೆಗೆ ಬಂದು ಎರಡು ಮುದ್ದೆ ಉಂಡೆ.

ಮಾರ್ಚ್ ೨, ಭಾನುವಾರ

ಬೇಲಿ ಆಯಿತು. ಕಲ್ಲುಕಂಬ ನೆಟ್ಟು ಜಾಲಿಮುಳ್ಳು ಕಟ್ಟಿದೆವು, ಒಂದು ಕಡೆ ತಗಡಿನ ಗೇಟು. ಹಟ್ಟಿಯ ಹುಡುಗರೆಲ್ಲ ಬಂದಿದ್ದರು. ಟ್ರ್ಯಾಕ್ಟರುಗಳು ದೂರ ನಿಂತು ತಿರುಗಿ ಹೋದವು. ಕೈಯೆಲ್ಲ ಮುಳ್ಳು ಗೀರಿದೆ. ಹೊಟ್ಟೆ ತಣ್ಣಗಿದೆ.

ಮಾರ್ಚ್ ೧೧, ಮಂಗಳವಾರ

ಹುಚ್ಚಕ್ಕನ ಮೇಕೆಗಳನ್ನು ನಮ್ಮ ಹಟ್ಟಿಯ ಹುಡುಗರು ಹಿಡಿದು ಪಂಚಾಯ್ತಿ ದೊಡ್ಡಿಗೆ ಕೂಡಿದ್ದಾರೆ.

ಹುಚ್ಚಕ್ಕ ಊರಾಚೆಯ ಕಾಲೋನಿಯವಳು. ಗಂಡ ಸತ್ತ ಮೇಲೆ ಮೇಕೆಯೇ ಅವಳ ಹೊಲ, ಮೇಕೆಯೇ ಮನೆ. ಬೇಲಿ ಬಂದ ಮೇಲೂ ಅವು ಹಳೇ ಅಭ್ಯಾಸದ ಮೇಲೆ ಅಲ್ಲೇ ಹೋಗಿವೆ. ಮುಳ್ಳಿನ ಕೆಳಗೆ ನುಸುಳಿ ನೀರಿಗೆ ಬಾಯಿ ಇಟ್ಟಿವೆ. ನಾನು ಚಳ್ಳಕೆರೆಯಿಂದ ಬರುವಷ್ಟರಲ್ಲಿ ಅವಳು ನಮ್ಮ ಮನೆಯ ಮುಂದೆ ಬಿಸಿಲಲ್ಲಿ ಕೂತಿದ್ದಳು. ಅವ್ವ ನೀರು ಕೊಟ್ಟಿದ್ದಳಂತೆ, ಮುಟ್ಟಿರಲಿಲ್ಲ.

“ನೀನೇ ಕೈ ಎತ್ತಿಸಿದ್ದಂತೆ,” ಅಂದಳು.

ಅದು ಟ್ರ್ಯಾಕ್ಟರಿಗೆ ಹಾಕಿದ ಬೇಲಿ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

“ಟ್ರ್ಯಾಕ್ಟರು ನೀರು ಕುಡೀತದೇನವ್ವ?”

ಹೋಗಿ ದೊಡ್ಡಿಯ ಬಾಗಿಲು ಬಿಡಿಸಿದೆ. ಹುಡುಗರು ನನ್ನ ನಿರ್ಣಯವನ್ನೇ ನನಗೆ ಬಾಯಿಪಾಠ ಒಪ್ಪಿಸಿದರು: ಯಾವ ಪ್ರಾಣಿಯೂ ಒಳಗೆ ಬರಬಾರದು. ಪದ ನನ್ನವೇ. ಒಂದೂ ಹೆಚ್ಚು ಕಡಿಮೆ ಇಲ್ಲ.

ಮಾರ್ಚ್ ೧೨, ಬುಧವಾರ

ದೀಪಿಕಾ ಮೇಡಂ ಹತ್ತಿರ ಹೋದೆ. ಆ ನಿರ್ಣಯ ರದ್ದು ಮಾಡಿ ಎಂದೆ. ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ರದ್ದು ಮಾಡುವಂತಿಲ್ಲವಂತೆ. ಅವತ್ತೇ ಮೇಲಕ್ಕೆ ಬರೆದು ಕಳಿಸಿದ್ದಾರಂತೆ, ಉತ್ತರ ಬಂದಿಲ್ಲವಂತೆ. ಬೇಕಿದ್ದರೆ ನಾನೂ ಒಂದು ಅರ್ಜಿ ಕೊಡಬಹುದು. ಇಲ್ಲವೇ ಮಾಡಿದ ಸಭೆಯೇ ಅದನ್ನು ಕಿತ್ತು ಹಾಕಬಹುದು.

“ಅಂದ್ರೆ ಸಭೆ ದೊಡ್ಡದೋ ಮೇಲಿನೋರು ದೊಡ್ಡೋರೋ? ಒಂದು ಹೇಳ್ರಿ,” ಅಂದೆ.

“ಇಬ್ಬರೂ ಅಲ್ಲ. ದಿಲ್ಲಿಯ ಪಾರ್ಲಿಮೆಂಟೇ ತಾನು ಅಂದುಕೊಂಡಿದ್ದನ್ನೆಲ್ಲ ಮಾಡೋ ಹಾಗಿಲ್ಲ, ಶಾಂತಿ. ಎಷ್ಟು ಕೈ ಎದ್ದರೂ ಕೆಲವನ್ನ ಮುಟ್ಟೋ ಹಾಗಿಲ್ಲ ಅಂತ ಸಂವಿಧಾನದಲ್ಲಿ ಬರೆದಿಟ್ಟಿದ್ದಾರೆ. ಇನ್ನು ನಮ್ಮ ಹನ್ನೊಂದು ಕೈ ಯಾವ ಲೆಕ್ಕ?”

ಹಾಗಾದರೆ ಎಲ್ಲ ದೇಶದಲ್ಲೂ ಹೀಗೇನಾ ಎಂದು ಕೇಳಿದೆ. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಹೇಳಿದ್ದೇ ಕೊನೆ, ಅದರ ಮೇಲೆ ಬರೆದಿಟ್ಟದ್ದು ಯಾವುದೂ ಇಲ್ಲ ಎಂದು ಕಾಲೇಜಿನಲ್ಲಿ ಓದಿದ್ದರಂತೆ. ಮತ್ತೆ ಅಲ್ಲಿ ಹುಚ್ಚಕ್ಕನಂಥವರ ಗತಿ? ಸ್ವಲ್ಪ ಯೋಚಿಸಿ, “ಅಲ್ಲಿ ನಾಚಿಕೆ ಮೇಲೆ ನಡೀತದೆ ಅಂತ ಕಾಣ್ತದೆ,” ಎಂದರು.

ನಾಚಿಕೆಯ ಮೇಲೆ ಬಿಟ್ಟರೆ ನಮ್ಮ ಪಂಚಾಯ್ತಿ ಒಂದು ದಿನ ನಡೆಯುವುದಿಲ್ಲ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವತ್ತು ಮೇಜು ಬಡಿದಾಗ ನನಗೆ ಎಷ್ಟು ಖುಷಿಯಾಗಿತ್ತು.

ಅವರು ಹೇಳಿದ್ದು ಸರಿ ಎಂಬುದಕ್ಕೇ ಅವರ ಮೇಲೆ ಸಿಟ್ಟು ಬರುತ್ತಿದೆ. ಇದು ಅನ್ಯಾಯದ ಸಿಟ್ಟು. ಆದರೂ ಇದೆ.

ಮಾರ್ಚ್ ೧೯, ಬುಧವಾರ

ನಮ್ಮ ಹೋಬಳಿಗೆ ದೇವರು ಎರಡು ಬಾಗಿಲು ಕೊಟ್ಟಿದ್ದಾನೆ. ತಾಲ್ಲೂಕು ಚಳ್ಳಕೆರೆ, ಓಟು ಮೊಳಕಾಲ್ಮುರಿಗೆ. ಎರಡನ್ನೂ ಬಡಿದು ಬಂದೆ. ಚಳ್ಳಕೆರೆಯಲ್ಲಿ ಅರ್ಜಿ ತೆಗೆದುಕೊಂಡು ಸೀಲು ಹೊಡೆದರು. ಮೊಳಕಾಲ್ಮುರಿನಲ್ಲಿ ಒಬ್ಬ ಮುಖಂಡರ ಮನೆಯ ಜಗಲಿಯ ಮೇಲೆ ಮಧ್ಯಾಹ್ನದವರೆಗೆ ಕೂತೆ. ಆರಿಸಿ ಬಂದ ಸಭೆಯ ತೀರ್ಮಾನಕ್ಕೆ ತಾವು ಕೈ ಹಾಕುವುದಿಲ್ಲ, ಅದು ಪ್ರಜಾಪ್ರಭುತ್ವ ಎಂದರು. ಹೋದ ತಿಂಗಳು ನಾನು ಹೇಳಿದ್ದೂ ಅದನ್ನೇ. ಆಗ ಅದು ಒಳ್ಳೆಯ ಮಾತು ಎನಿಸಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಬಾಗಿಲು ಹಾಕಿದ ಸದ್ದಿನಂತಿತ್ತು.

ಸದಸ್ಯರ ಮನೆಗಳಿಗೂ ಹೋದೆ. ನಿರ್ಣಯ ಕಿತ್ತು ಹಾಕೋಣ ಎಂದರೆ ಒಬ್ಬರೂ ಒಪ್ಪುತ್ತಿಲ್ಲ. ಕಾಲೋನಿಯವರು ಬೇರೆ ಕಡೆ ನೀರು ನೋಡಿಕೊಳ್ಳಲಿ, ಈಗ ಕಟ್ಟೆ ಎಷ್ಟು ಶುದ್ಧ ಇದೆ ನೋಡು ಎನ್ನುತ್ತಾರೆ. ಶುದ್ಧ ಎಂಬ ಮಾತನ್ನು ನಾನು ಸಭೆಯಲ್ಲಿ ಆಡಿರಲಿಲ್ಲ. ಅದು ಎಲ್ಲಿಂದ ಬಂತು? ಮುಳ್ಳು ಕಟ್ಟಿದ ಮೇಲೆ ತಾನಾಗಿ ಚಿಗುರಿದೆ.

ಮಾರ್ಚ್ ೨೪, ಸೋಮವಾರ

ಹುಚ್ಚಕ್ಕ ನನ್ನ ಆಟೋ ಬಾಡಿಗೆಗೆ ಕೇಳಲು ಬಂದಿದ್ದಳು. ಮೇಕೆಗಳನ್ನು ಚಳ್ಳಕೆರೆ ಸಂತೆಗೆ ಒಯ್ಯಬೇಕಂತೆ. ಎಲ್ಲವನ್ನೂ.

ರಸ್ತೆಯಾಚೆ ತೋಟದವನ ಪಂಪಿನ ಹತ್ತಿರ ಇಷ್ಟು ದಿನ ಕುಡಿಸುತ್ತಿದ್ದಳು. ಅದಕ್ಕೆ ಬದಲಾಗಿ ಅವನ ಈರುಳ್ಳಿ ಕಳೆ ಕೀಳಬೇಕು. ಕಳೆ ಕಿತ್ತರೆ ಮೇಕೆ ಮೇಯಿಸುವವರಿಲ್ಲ, ಮೇಕೆ ಮೇಯಿಸಿದರೆ ನೀರಿಲ್ಲ. ಇದನ್ನು ಅವಳು ನಗುತ್ತಲೇ ಹೇಳಿದಳು. ಗಬ್ಬದ ಮೇಕೆಗಳೂ ಇವೆ. ಅವನ್ನು ಮಾರುವುದೆಂದರೆ ಬಿತ್ತನೆ ಬೀಜ ಬೇಯಿಸಿ ತಿಂದಂತೆ.

ಯುಗಾದಿ ಕಳೆಯಲಿ, ಸಭೆ ಏಪ್ರಿಲ್ ಎಂಟಕ್ಕೆ ಇದೆ, ಅಲ್ಲಿಯವರೆಗೆ ತಡೆ ಎಂದೆ. ಸಭೆಯ ಮೇಲೆ ಅವಳಿಗೆ ನಂಬಿಕೆ ಇಲ್ಲ. ಗಾಡಿ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು. ಹೇಳಲಾಗಲಿಲ್ಲ. ಗಾಡಿ ಚೆನ್ನಾಗಿದೆ, ನಿನ್ನ ಮೇಕೆ ಹೊರುವುದಿಲ್ಲ ಎಂದೆ. ಎಂಟನೇ ತಾರೀಖು ಆಗದಿದ್ದರೆ ಒಂಬತ್ತಕ್ಕೆ ನಾನೇ ಬಂದು ತುಂಬಿಕೊಂಡು ಹೋಗುತ್ತೇನೆ ಎಂದೂ ಹೇಳಿಬಿಟ್ಟೆ.

ಮಾರ್ಚ್ ೨೮, ಶುಕ್ರವಾರ

ದೇವರ ಎತ್ತುಗಳು ಗೇಟಿನೊಳಗೆ ಹೋಗುತ್ತಿಲ್ಲ.

ಅವುಗಳನ್ನು ಕಾಯುವ ಕಿಲಾರಿ ನಮ್ಮ ಜಯಣ್ಣ ಮಾವ. ಮೊದಮೊದಲು ಮೇವು ತೋರಿಸಿ ಒಳಗೆ ನಡೆಸುತ್ತಿದ್ದ. ಈಗ ಮುಂದಾಳು ಎತ್ತು ಗೇಟಿನ ಮುಂದೆ ಕಾಲೂರಿ ನಿಂತುಬಿಡುತ್ತದೆ, ಹಿಂದಿನವೆಲ್ಲ ಅದರ ಬೆನ್ನಿಗೆ ನಿಲ್ಲುತ್ತವೆ. ಬಾರಪ್ಪ ಬಾ ಎಂದು ಮಾವ ತೆಲುಗಿನಲ್ಲಿ ಗೋಗರೆಯುತ್ತಿದ್ದ: “ದಾ ನಾಯ್ನಾ, ದಾ.” ಕದಲಲಿಲ್ಲ. ಕೊನೆಗೆ ಕೊಡದಲ್ಲಿ ಹೊತ್ತು ತಂದು ಹೊರಗೇ ಕುಡಿಸಿದೆವು. ಬೆನ್ನು ಮುರಿಯಿತು.

ಮಾವ ಏರಿಯ ನೆರಳಲ್ಲಿ ಕೂತು ಕಾಲಿನ ಮುಳ್ಳು ತೆಗೆಯುತ್ತಾ ಹೇಳಿದ: “ಇವುಕ್ಕೆ ಮೂಗುದಾರ ಇಲ್ಲ, ನೊಗ ಇಲ್ಲ, ಗೂಟ ಇಲ್ಲ. ಕಟ್ಟಬಾರದು ಅಂತ್ಲೇ ದೇವರಿಗೆ ಬಿಟ್ಟಿರೋದು. ನೀವು ಹನ್ನೊಂದು ಜನ ಕೂತ್ಕಂಡು ಊರಿನ ಹೆಸರಾಗೆ ಕಟ್ಟಿದ್ರಿ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದನಂತೆ.

ಏಪ್ರಿಲ್ ೭, ಸೋಮವಾರ

ಎತ್ತಿನ ಸುದ್ದಿ ಊರೆಲ್ಲ ಹರಡಿದೆ. ಶಿವಮೂರ್ತಪ್ಪನವರು ಕರೆಸಿದರು. ಅವರ ಹೆಂಡತಿ ಅನ್ನಪೂರ್ಣಮ್ಮ ಹೋಳಿಗೆ ಕೊಟ್ಟರು. ನಾಳೆ ದೇವರ ಎತ್ತಿಗೆ ಬೇಲಿ ಆಗುತ್ತಿಲ್ಲ ಎಂದಷ್ಟೇ ಹೇಳು, ಬೇಲಿ ಹೋಗುತ್ತದೆ, ಹುಚ್ಚಕ್ಕನ ಹೆಸರು ಮಾತ್ರ ತೆಗೆಯಬೇಡ, ತೆಗೆದರೆ ಕೆಲವರ ಕೈ ಇಳಿಯುತ್ತದೆ ಎಂದರು.

ಇದರಲ್ಲಿ ಸುಳ್ಳಿಲ್ಲ. ಎತ್ತು ಒಳಗೆ ಹೋಗುತ್ತಿಲ್ಲ ಎಂಬುದು ನಿಜ. ಆದರೆ ನಾನು ಬೇಲಿ ಕೀಳಿಸುತ್ತಿರುವುದು ಅದಕ್ಕಲ್ಲ. ಎತ್ತುಗಳು ನಾಳೆ ಬೆಳಿಗ್ಗೆ ಮನಸ್ಸು ಬದಲಿಸಿ ಒಳಗೆ ನಡೆದರೆ? ಆಗ ಹುಚ್ಚಕ್ಕನ ಮೇಕೆಗಳು ಬಾಯಾರಿ ಸಾಯಬೇಕೆ? ಒಂದು ಸಲ ಎತ್ತಿನ ಬೆನ್ನ ಹಿಂದೆ ನಿಂತು ಗೆದ್ದದ್ದಕ್ಕೇ ಇಷ್ಟಾಗಿದೆ.

ಹೋಳಿಗೆ ಚೆನ್ನಾಗಿತ್ತು. ಅದೂ ಸಿಟ್ಟು ಬರಿಸಿತು.

ಏಪ್ರಿಲ್ ೮, ಮಂಗಳವಾರ

ಹುಚ್ಚಕ್ಕ ಬೆಳಿಗ್ಗೆಯೇ ಬಂದು ಪಂಚಾಯ್ತಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎತ್ತಿನ ವಿಷಯವನ್ನು ಜಯಣ್ಣ ಮಾವನೇ ಬಂದು ಹೇಳಿದ. ಎಲ್ಲರೂ ಕೆನ್ನೆ ಬಡಿದುಕೊಂಡರು. ಕೈ ಎತ್ತುವುದೊಂದು ಬಾಕಿ. ಆಗ ನಾನು ಎದ್ದು, ಇನ್ನೊಂದು ಮಾತನ್ನೂ ಬರೆಯಬೇಕು ಎಂದೆ: ಯಾರ ಕುರಿ ಮೇಕೆಯನ್ನೂ ನೀರಿನಿಂದ ತಡೆಯುವ ಅಧಿಕಾರ ಈ ಸಭೆಗಿಲ್ಲ, ಮುಂದೆ ಎಷ್ಟು ಕೈ ಎದ್ದರೂ ಇಲ್ಲ. ನಾನು ಅವತ್ತು ತಂದ ನಿರ್ಣಯ ತಪ್ಪು, ಎತ್ತು ಬರಲಿ ಬಿಡಲಿ ತಪ್ಪು.

ಶಿವಮೂರ್ತಪ್ಪನವರು ಕಣ್ಣು ಮುಚ್ಚಿಕೊಂಡರು.

ಮುರುಗೇಶ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ನಮ್ಮ ಕೈ ನಾವೇ ಕಟ್ಟಿಕೊಳ್ಳೋಕೆ ಕೈ ಎತ್ತಬೇಕೇನಕ್ಕ? ಅವತ್ತು ಸಭೆ ಮೇಲೆ ಸಭೆ ಇಲ್ಲ ಅಂದೋಳು ನೀನೇ ಅಲ್ವಾ?”

ಹೌದು, ನಾನೇ ಎಂದೆ. ಎಲ್ಲರೂ ನಕ್ಕರು. ನಗುವಂಥದ್ದೇ.

ದೀಪಿಕಾ ಮೇಡಂ ಕೂಡ ನನ್ನ ಕಡೆ ನಿಲ್ಲಲಿಲ್ಲ. ಇಲ್ಲಿ ಬರೆದರೂ ಮುಂದಿನ ಸಭೆ ಒಂದೇ ಗೆರೆಯಲ್ಲಿ ಹೊಡೆದು ಹಾಕಬಹುದು, ಇದನ್ನು ಬರೆಯುವ ಜಾಗ ಇದಲ್ಲ, ಬರೆಯಬೇಕಾದಲ್ಲಿ ಆಗಲೇ ಬರೆದಿದ್ದಾರೆ ಎಂದರು. ಬರೆದಿದ್ದಾರೆ, ಸರಿ. ಆ ಬರಹ ದೊಡ್ಡಿಯ ಬಾಗಿಲು ತೆಗೆಯಲು ಬರಲಿಲ್ಲವಲ್ಲ. ನನ್ನ ಅರ್ಜಿಗೆ ಸೀಲು ಬಿಟ್ಟರೆ ಬೇರೇನೂ ಬಿದ್ದಿಲ್ಲ. ಮೇಲೆ ಬರೆದದ್ದನ್ನು ಕೆಳಗೆ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕು ತಾನೇ?

ನನ್ನ ಮಾತಿಗೆ ಎದ್ದದ್ದು ಎರಡು ಕೈ. ಒಂದು ನನ್ನದು. ಇನ್ನೊಂದು, ಸಭೆಯಲ್ಲಿ ಯಾವತ್ತೂ ಬಾಯಿ ಬಿಡದ ಮೂಗಮ್ಮನದು.

ಅಧ್ಯಕ್ಷರು ಕೇಳಿದರು: ಹಾಗಾದರೆ ಎತ್ತಿನ ಕಾರಣಕ್ಕೆ ಬೇಲಿ ಕೀಳುವುದು ಒಪ್ಪಿಗೆಯೋ? ಕೈಗಳು ಎದ್ದವು. ನನ್ನ ಕೈ ಮೇಜಿನ ಮೇಲೇ ಇತ್ತು. ಎತ್ತಿದರೆ ಅವತ್ತಿನ ಆಟವನ್ನೇ ಇನ್ನೊಂದು ಸಲ ಆಡಿದಂತೆ. ಎತ್ತದಿದ್ದರೂ ಬೇಲಿ ಹೋಗುತ್ತಿತ್ತು, ಬಹುಮತ ಆಗಿತ್ತು. ಆದರೆ ಮುರುಗೇಶ ಆಗಲೇ ತನ್ನ ಕೈ ಇಳಿಸುತ್ತಾ, ತಂದವಳಿಗೇ ಬೇಡವಾದರೆ ನಮಗೇಕೆ, ಮುಂದಿನ ತಿಂಗಳು ನೋಡೋಣ ಎಂದ. ಪಕ್ಕದ ಇಬ್ಬರ ಕೈಗಳೂ ಬಾಗಿದವು.

ಬಾಗಿಲ ಕಡೆಯಿಂದ ಹುಚ್ಚಕ್ಕ ಹೇಳಿದಳು: “ಕೈ ಎತ್ತವ್ವ. ನೀರು ಬೇಕಾಗಿರೋದು ನಂಗೆ. ಕಾರಣ ನೀನಿಟ್ಕ.”

ಎತ್ತಿದೆ.

ಏಪ್ರಿಲ್ ೯, ಬುಧವಾರ

ಮುಳ್ಳು ಕಿತ್ತೆವು. ಕಟ್ಟುವುದಕ್ಕಿಂತ ಕೀಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಹುಡುಗರು ಬರಲಿಲ್ಲ, ನಾನು, ಜಯಣ್ಣ ಮಾವ, ಮೂಗಮ್ಮ. ಹುಚ್ಚಕ್ಕನ ಮೇಕೆಗಳು ಕುಡಿದವು. ಅವಳು ನನಗೆ ಏನೂ ಹೇಳಲಿಲ್ಲ. ಯಾಕೆ ಹೇಳಬೇಕು? ಅವಳದ್ದನ್ನು ಅವಳಿಗೆ ಬಿಟ್ಟಿದ್ದೇವೆ, ಅದೂ ಬೇರೆಯವರ ಹೆಸರಿನಲ್ಲಿ. ಇಂದು ಕೈ ಎತ್ತಿ ಬಿಟ್ಟವರು ನಾಳೆ ಕೈ ಎತ್ತಿ ಹಿಡಿಯಬಹುದು.

ಗೆದ್ದೆನೋ ಸೋತೆನೋ ತಿಳಿಯುತ್ತಿಲ್ಲ.

ಏಪ್ರಿಲ್ ೨೯, ಮಂಗಳವಾರ

ಟ್ರ್ಯಾಕ್ಟರುಗಳು ಮತ್ತೆ ಬಂದಿವೆ. ಬರದೇ ಇರುತ್ತವೆಯೇ.

ಮೇ ೧೩, ಮಂಗಳವಾರ

ಇವತ್ತಿನಷ್ಟು ದಂಡದ ಸಭೆ ಇನ್ನೊಂದಿಲ್ಲ.

ಎರಡು ಮಳೆ ಆಗಿವೆ. ಏರಿಯಲ್ಲಿ ಬಿರುಕು ಕಾಣುತ್ತಿದೆ. ಈ ಸಲ ಯಾವ ದೇವರನ್ನೂ ಕರೆಯದೆ, ಏರಿಯಿಂದ ಯಾರೂ ಮಣ್ಣು ತೆಗೆಯಬಾರದು ಎಂದಷ್ಟೇ ಹೇಳಿದೆ. ನನ್ನ ಮನೆಯವರೂ ಸೇರಿ ಯಾರೂ. ಆಶ್ಚರ್ಯ ಎಂದರೆ ಎಂಟು ಜನ ನನ್ನ ಕಡೆ ಇದ್ದರು. ಅವರ ಮಾಳಿಗೆಗೆಲ್ಲ ಮಣ್ಣು ಬಿದ್ದಾಗಿದೆ, ಇನ್ನು ಮುರುಗೇಶ ಯಾರಿಗೆ ಬೇಕು? ಶಿವಮೂರ್ತಪ್ಪನವರು ಎಂದಿಗಿಂತ ಬೇಗ, ಕೈ ಎತ್ತಿ ಎಂದರು. ಮುರುಗೇಶ ಎದ್ದು ಏನೋ ಹೇಳಲು ಹೋದ. ಕೂತ್ಕಳಲೇ, ಮುಗೀತು ಎಂದು ಎಲ್ಲರೂ ಕೂಗಿದರು.

“ಮಾತಾಡ್ಲಿ ಬಿಡ್ರಿ,” ಅಂದೆ.

ಮಾತಾಡಿದ. ಮೊದಲು ನನ್ನನ್ನು ಬೈದ, ಆಮೇಲೆ ನಮ್ಮಪ್ಪನನ್ನು, ಆಮೇಲೆ ಹಳೇ ಚುನಾವಣೆಯನ್ನು. ಅದೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದ. ಕಾಲೋನಿಯ ಮಾಳಿಗೆಗಳಿಗೆ ಇನ್ನೂ ಮಣ್ಣು ಬಿದ್ದಿಲ್ಲವಂತೆ. ಅವರಿಗೆ ಯಾವಾಗಲೂ ಕೊನೆಗೇ ಹಾಕುವುದು. ಈಗ ನಿಲ್ಲಿಸಿದರೆ ಸೋರುವುದು ಇಲ್ಲಿ ಕೂತವರ ಮನೆಯಲ್ಲ. ಕಟ್ಟೆಯ ತಳದ ಗೋಡು ಮಣ್ಣು ಮಾಳಿಗೆಗೆ ಆಗುವುದಿಲ್ಲ, ಬಿರಿಯುತ್ತದೆ. ಉತ್ತರಕ್ಕೆ ಹಳ್ಳದ ದಂಡೆಯಲ್ಲಿ ಚೌಳು ಇದೆ, ಆದರೆ ದಾರಿ ಇಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದರಿಂದ ನನಗೆ ಅರ್ಧ ತಿಳಿಯಲಿಲ್ಲ. ದಂಡೆಯ ಯಾವ ಕಡೆ ಎಂದು ಇನ್ನೊಂದು ಸಲ ಹೇಳಿಸಿದೆ. ಊಟದ ಹೊತ್ತು ಮೀರಿತು. ನಾಳಿದ್ದು ಎಲ್ಲರೂ ಹೋಗಿ ಆ ಜಾಗ ನೋಡುವುದು, ಅಲ್ಲಿಯವರೆಗೆ ಏರಿಗೆ ಗುದ್ದಲಿ ಬೀಳಬಾರದು ಎಂದಾಯಿತು. ನಿರ್ಣಯ ಆಗಲಿಲ್ಲ. ಎಂಟು ಕೈ ಇದ್ದೂ ಬರಿಗೈಲಿ ಬಂದೆ.

ಹುಚ್ಚಕ್ಕ ದಾರಿಯಲ್ಲಿ ತಡೆದು ಉಗಿದಳು. ಎಂಟು ಜನ ಇದ್ದಾಗಲೇ ಅವನ ಬಾಯಿ ಮುಚ್ಚಿಸುವುದು ಬಿಟ್ಟು ಅದೇನು ಪಂಚಾಂಗ ಓದಿಸುತ್ತಿದ್ದೆ ಎಂದಳು. “ನಿಮ್ಮ ಮಾತು ಮುಗಿಯೋ ತನಕ ಮಳೆ ಕಾಯ್ತದಾ?”

ನಿನ್ನ ಮಾಳಿಗೆಗೆ ಮಣ್ಣು ಬಿದ್ದಿದೆಯಾ ಎಂದು ಕೇಳಿದೆ. ಇಲ್ಲವಂತೆ. ಅದಕ್ಕೂ ಸೇರಿಸಿ ಉಗಿದಳು.

ಈರುಳ್ಳಿ ಬಾಡಿಗೆ ತಪ್ಪಿತು, ಪರಶುರಾಂಪುರದವರು ಬೇರೆ ಗಾಡಿ ಮಾಡಿಕೊಂಡು ಹೋದರು. ಇಡೀ ದಿನ ಆ ಮುರುಗೇಶನಿಂದ ಹಾಳು. ನಾಳಿದ್ದು ಅವನು ಹೇಳಿದ ಹೊತ್ತಿಗೆ ಬರುವ ಗಿರಾಕಿಯಲ್ಲ. ಅವನಿಲ್ಲದೆ ನೋಡಿ ಬಂದರೆ ನೋಡಿದಂತಾಗುವುದಿಲ್ಲ. ಅವತ್ತು ಬೆಳಿಗ್ಗೆ ಆಟೋ ತೆಗೆದುಕೊಂಡು ಹೋಗಿ ಅವನ ಮನೆಯ ಮುಂದೆ ಹಾರನ್ ಹೊಡೆಯಬೇಕು.